ಪಾಲ್ ಸೈಪಲ್: 19ನೇ ವಯಸ್ಸಿಗೆ ಅಂಟಾರ್ಕ್ಟಿಕಾಕ್ಕೆ ಹೋದ ಹುಡುಗ ಚಳಿಗಾಳಿಯನ್ನು ಅಳೆದದ್ದು ಹೇಗೆ?

ಅಮೆರಿಕ, ಕೆನಡಾಗಳಲ್ಲಿರುವ ಮಕ್ಕಳು ಜನವರಿಯಲ್ಲಿ ಊರಿಗೆ ಫೋನ್ ಮಾಡಿದಾಗ ಒಂದು ಮಾತು ಆಗಾಗ ಬರುತ್ತದೆ: “ಇವತ್ತು ಮೈನಸ್ ಹತ್ತು ಅಮ್ಮ, ಆದ್ರೆ ಗಾಳಿ ಬೀಸ್ತಿದೆ, ಮೈನಸ್ ಇಪ್ಪತ್ತರ ಹಾಗಿದೆ.” ಇತ್ತ ಕೇಳಿಸಿಕೊಂಡವರಿಗೆ ಗೊಂದಲ. ತಾಪಮಾನ ಹತ್ತೋ, ಇಪ್ಪತ್ತೋ? ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಈ ಎರಡನೇ ಅಂಕಿಯನ್ನು ‘ವಿಂಡ್ ಚಿಲ್’ ಎನ್ನುತ್ತಾರೆ. ಚಳಿಗಾಲದಲ್ಲಿ ಹೊರಗೆ ಎಷ್ಟು ಹೊತ್ತು ನಿಂತರೆ ಅಪಾಯ ಎಂದು ಉತ್ತರ ಅಮೆರಿಕದ ಜನ ಲೆಕ್ಕ ಹಾಕುವುದು ಇದನ್ನು ನೋಡಿಕೊಂಡೇ. ಈ ಹೆಸರನ್ನು ಕೊಟ್ಟದ್ದು ಒಬ್ಬ ಧ್ರುವಾನ್ವೇಷಕ. ಪ್ರಯೋಗಾಲಯದ ದಾರಿಯಿಂದ ಬಂದವರಲ್ಲ, ಹತ್ತೊಂಬತ್ತನೇ ವಯಸ್ಸಿಗೆ ಬಾಯ್ ಸ್ಕೌಟ್ ಸಮವಸ್ತ್ರದಲ್ಲಿ ಅಂಟಾರ್ಕ್ಟಿಕಾಕ್ಕೆ ಹಡಗು ಹತ್ತಿದವರು. ಹೆಸರು ಪಾಲ್ ಸೈಪಲ್. ಅವರ ಬದುಕನ್ನು ನೋಡಿದರೆ ವಿಂಡ್ ಚಿಲ್ ಎಂಬುದು ಏನು, ಏನಲ್ಲ ಎನ್ನುವುದೂ ತಿಳಿಯುತ್ತದೆ. ಆ ಅಂಕಿಯನ್ನು ತಪ್ಪಾಗಿ ಓದಿಕೊಳ್ಳುವವರು ಇಂದಿಗೂ ಬಹಳ ಮಂದಿ.

ಪ್ರಚಾರಕ್ಕೆ ಬೇಕಾಗಿದ್ದ ಹುಡುಗ

ಸೈಪಲ್ ಹುಟ್ಟಿದ್ದು 1908ರ ಡಿಸೆಂಬರ್ 18ರಂದು, ಅಮೆರಿಕದ ಒಹಾಯೋ ರಾಜ್ಯದ ಮಾಂಟ್‌ಪೀಲಿಯರ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ. ಅಲ್ಲಿನ ಚಳಿಗಾಲ, ಪಕ್ಕದ ದೊಡ್ಡ ಸರೋವರ, ಸ್ಕೌಟ್ ಶಿಬಿರಗಳು ಇವೇ ಅವರ ಬಾಲ್ಯ. ಹಗ್ಗದ ಗಂಟಿನಿಂದ ಹಿಡಿದು ಪ್ರಾಣಿಗಳ ಅಧ್ಯಯನದವರೆಗೆ ಸುಮಾರು 60 ವಿಷಯಗಳಲ್ಲಿ ಸ್ಕೌಟ್ ಪದಕ ಗಳಿಸಿದ್ದರು.

1928ರಲ್ಲಿ ರಿಚರ್ಡ್ ಬರ್ಡ್ ಎಂಬ ನೌಕಾಪಡೆಯ ಅಧಿಕಾರಿ ಅಂಟಾರ್ಕ್ಟಿಕಾಕ್ಕೆ ದೊಡ್ಡ ದಂಡಯಾತ್ರೆಯನ್ನೇ ಸಜ್ಜು ಮಾಡುತ್ತಿದ್ದರು. ವಿಮಾನದಲ್ಲಿ ದಕ್ಷಿಣ ಧ್ರುವದ ಮೇಲೆ ಹಾರುವುದು ಅವರ ಗುರಿ. ಅದಕ್ಕೆ ಹಣ ಬೇಕು, ಹಣ ಬರಲು ಪತ್ರಿಕೆಗಳಲ್ಲಿ ಸುದ್ದಿಯಾಗಬೇಕು. ಒಬ್ಬ ಸ್ಕೌಟ್ ಹುಡುಗನನ್ನು ಜೊತೆಗೆ ಕರೆದೊಯ್ಯುವುದಾಗಿ ಬರ್ಡ್ ಘೋಷಿಸಿದರು. ದೇಶದ ಎಲ್ಲೆಡೆಯಿಂದ ಆಯ್ದ ಆರು ಹುಡುಗರು ನ್ಯೂಯಾರ್ಕಿಗೆ ಬಂದರು, ಕೊನೆಗೆ ಸೈಪಲ್ ಆಯ್ಕೆಯಾದರು. ಇದು ವಿಜ್ಞಾನಿಯ ನೇಮಕವಲ್ಲ, ಪ್ರಚಾರದ ಉಪಾಯ ಎನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಉಪಾಯ ಹೊಸದೂ ಅಲ್ಲ. ಬ್ರಿಟನ್ನಿನ ಶ್ಯಾಕಲ್ಟನ್ 1921ರಲ್ಲೇ ತಮ್ಮ ಕೊನೆಯ ಯಾತ್ರೆಗೆ ಇಬ್ಬರು ಸ್ಕೌಟ್‌ಗಳನ್ನು ಹತ್ತಿಸಿಕೊಂಡಿದ್ದರು. ಒಬ್ಬನಿಗೆ ಸಮುದ್ರಯಾನದ ವಾಂತಿ ತಾಳಲಾರದೆ ಅರ್ಧದಲ್ಲೇ ಇಳಿದ. ಇನ್ನೊಬ್ಬ, ಹದಿನೆಂಟರ ಜೇಮ್ಸ್ ಮಾರ್, ಉಳಿದುಕೊಂಡು ಮುಂದೆ ಹೆಸರಾಂತ ಸಾಗರ ಜೀವವಿಜ್ಞಾನಿಯಾದ. ಹಾಗಾಗಿ ಅಂಟಾರ್ಕ್ಟಿಕಾ ಯಾತ್ರೆಗೆ ಹೊರಟ ಮೊದಲ ಸ್ಕೌಟ್ ಸೈಪಲ್ ಎಂದು ಎಲ್ಲಾದರೂ ಓದಿದರೆ ನಂಬಬೇಡಿ.

ಪತ್ರಿಕೆಗಳಿಗೆ ಬೇಕಾಗಿದ್ದದ್ದು ನಗುಮುಖದ ಫೋಟೊ. ಹುಡುಗನಿಗೆ ಸಿಕ್ಕಿದ್ದು ಬೆನ್ನು ಮುರಿಯುವ ಕೆಲಸ. ಆಗಸ್ಟ್ ಕೊನೆಗೆ ನ್ಯೂಯಾರ್ಕ್ ಬಿಟ್ಟ ಹಡಗು ರಾಸ್ ಹಿಮಹಾಸಿನ ಅಂಚಿಗೆ ತಲುಪಿದ್ದು ವರ್ಷದ ಕೊನೆಯ ದಿನಗಳಲ್ಲಿ. ಅಲ್ಲಿ ಹಿಮದ ಮೇಲೆ ಕಟ್ಟಿದ ನೆಲೆಯ ಹೆಸರು ಲಿಟ್ಲ್ ಅಮೆರಿಕ. ಸೂರ್ಯನೇ ಹುಟ್ಟದ ಚಳಿಗಾಲವನ್ನು ಅಲ್ಲಿ ಕಳೆದವರು 42 ಮಂದಿ, ಅವರಲ್ಲಿ ಸೈಪಲ್ ಒಬ್ಬರು. ನಾಯಿಗಳನ್ನು ಸ್ಲೆಡ್ಡಿಗೆ ಕಟ್ಟಿ ಓಡಿಸುವುದು, ಸೀಲ್ ಮತ್ತು ಪೆಂಗ್ವಿನ್‌ಗಳ ಚರ್ಮ ಸುಲಿದು ಸಂಗ್ರಹಾಲಯಕ್ಕೆ ಹದ ಮಾಡುವುದು ಅವರ ಪಾಲಿನ ಕೆಲಸ. 1929ರ ನವೆಂಬರ್ ಕೊನೆಯಲ್ಲಿ ಬರ್ಡ್ ಮತ್ತು ಸಂಗಡಿಗರು ಧ್ರುವದ ಮೇಲೆ ಹಾರಿಬಂದರು. ಆ ವಿಮಾನದಲ್ಲಿ ಸೈಪಲ್ ಇರಲಿಲ್ಲ.

ಧ್ರುವ ಸಾಹಸ ಎಂದರೆ ‘ಅತಿ ಕಿರಿಯ’ ಎಂಬ ದಾಖಲೆ ಈಗ ಮೊದಲು ನೆನಪಾಗುತ್ತದೆ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಜೇಡ್ ಹ್ಯಾಮಿಸ್ಟರ್ ಹದಿನಾರನೇ ವಯಸ್ಸಿಗೆ ಸ್ಕೀ ಮೇಲೆ ದಕ್ಷಿಣ ಧ್ರುವ ತಲುಪಿದರು. ಅದು ದೊಡ್ಡ ಸಾಧನೆಯೇ. ಆದರೆ ಸೈಪಲ್ ವಿಷಯದಲ್ಲಿ ವಯಸ್ಸು ಬರೀ ಆರಂಭ. 1930ರಲ್ಲಿ ಹಿಂತಿರುಗಿದಾಗ ಅವರು ದೇಶವೆಲ್ಲ ಬಲ್ಲ ಹುಡುಗ. ಅನುಭವವನ್ನು ಪುಸ್ತಕವಾಗಿ ಬರೆದರು, ಅದು ಚೆನ್ನಾಗಿ ಓದಿಸಿಕೊಂಡಿತು. ಅಲ್ಲಿಗೇ ನಿಂತು ಭಾಷಣ ಮಾಡಿಕೊಂಡು ಕಾಲ ಕಳೆಯಬಹುದಿತ್ತು. ಬದಲಿಗೆ ಅರ್ಧಕ್ಕೆ ಬಿಟ್ಟಿದ್ದ ಕಾಲೇಜಿಗೆ ಮರಳಿ 1932ರಲ್ಲಿ ಪದವಿ ಮುಗಿಸಿದರು. ಬರ್ಡ್ ಅವರ ಎರಡನೇ ಯಾತ್ರೆಗೆ, 1933ರಲ್ಲಿ, ಹೊರಟಾಗ ಅವರು ತಂಡದ ಮುಖ್ಯ ಜೀವವಿಜ್ಞಾನಿ. ನಾಲ್ವರ ತಂಡ ಕಟ್ಟಿಕೊಂಡು ನಾಯಿಗಾಡಿಯಲ್ಲಿ ಒಳನಾಡಿಗೆ ಹೋಗಿ, ಹಿಮದಿಂದ ಮೇಲೆದ್ದ ಬಂಡೆಗಳ ಮೇಲಿನ ಕಲ್ಲುಹೂವು, ಪಾಚಿಗಳನ್ನು ಹುಡುಕಿ ತಂದರು.

ಇದೇ ಯಾತ್ರೆಯಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1934ರ ಚಳಿಗಾಲದಲ್ಲಿ ಬರ್ಡ್ ಮುಖ್ಯ ನೆಲೆಯಿಂದ ದೂರ, ಹಿಮದೊಳಗೆ ಹೂತ ಗುಡಿಸಲಿನಲ್ಲಿ ಒಬ್ಬರೇ ಉಳಿದು ಹವಾಮಾನ ದಾಖಲಿಸುತ್ತಿದ್ದರು. ಅವರನ್ನು ಸಾವಿನ ಬಾಗಿಲಿಗೆ ಒಯ್ದದ್ದು ಚಳಿಯಲ್ಲ, ಕಾರ್ಬನ್ ಮೊನಾಕ್ಸೈಡ್. ಒಲೆ ಮತ್ತು ರೇಡಿಯೊ ನಡೆಸುವ ಎಂಜಿನ್‌ನ ಹೊಗೆ ಮುಚ್ಚಿದ ಜಾಗದಲ್ಲಿ ಸೇರಿಕೊಂಡು ವಾರಗಟ್ಟಲೆ ವಿಷವಾಗಿತ್ತು. ಆಗಸ್ಟ್‌ನಲ್ಲಿ ಮೂವರು ಟ್ರ್ಯಾಕ್ಟರಿನಲ್ಲಿ ಹೋಗಿ ಅವರನ್ನು ಕಂಡಾಗ ಎಲುಬಿನ ಹಂದರವಾಗಿದ್ದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಎಂಬ ಸುದ್ದಿ ಉತ್ತರ ಭಾರತದಿಂದ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಕಾರಣ ಇದೇ.

ನೀರಿನ ಡಬ್ಬಿಯೊಂದು ಹೇಳಿದ್ದು

ಹೊರಗೆ ಓಡಾಡುವವರಿಗೆಲ್ಲ ಒಂದು ಸಂಗತಿ ಗೊತ್ತಿತ್ತು. ಗಾಳಿಯಿಲ್ಲದ ದಿನ ಮೈನಸ್ 40ರಲ್ಲೂ ಕೆಲಸ ಮಾಡಬಹುದು. ಗಾಳಿ ಎದ್ದರೆ ಮೈನಸ್ 15ರಲ್ಲೇ ಮೂಗು ಬಿಳಿಚಿಕೊಳ್ಳುತ್ತದೆ. ಥರ್ಮಾಮೀಟರ್ ಹೇಳುವುದೊಂದು, ಮುಖ ಹೇಳುವುದು ಇನ್ನೊಂದು. ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿಯಲು ಸಾಧ್ಯವೇ? ಸೈಪಲ್ ಕ್ಲಾರ್ಕ್ ವಿಶ್ವವಿದ್ಯಾಲಯಕ್ಕೆ 1939ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯವೇ ಅಂಟಾರ್ಕ್ಟಿಕಾದ ಹವೆಗೆ ಅನ್ವೇಷಕ ಹೊಂದಿಕೊಳ್ಳುವ ಬಗೆ. ‘ವಿಂಡ್ ಚಿಲ್’ ಎಂಬ ಪದ ಅಲ್ಲೇ ಹುಟ್ಟಿತು.

ಅದೇ ವರ್ಷ ಅಮೆರಿಕ ಸರ್ಕಾರದ ಯಾತ್ರೆಯಲ್ಲಿ ಅವರು ಮೂರನೇ ಸಲ ದಕ್ಷಿಣಕ್ಕೆ ಹೊರಟರು, ಈ ಬಾರಿ ಒಂದು ನೆಲೆಯ ಮುಖ್ಯಸ್ಥರಾಗಿ. ತಂಡದ ಭೂವಿಜ್ಞಾನಿ ಚಾರ್ಲ್ಸ್ ಪ್ಯಾಸೆಲ್ ಜೊತೆ ಮಾಡಿದ ಪ್ರಯೋಗ ಎಷ್ಟು ಸರಳ ಎಂದರೆ ಹೈಸ್ಕೂಲಿನ ಮಕ್ಕಳಿಗೂ ಅರ್ಥವಾಗುತ್ತದೆ. ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ 250 ಗ್ರಾಂ ನೀರು. ಡಬ್ಬಿಯನ್ನು ಚಾವಣಿಯ ಮೇಲೆ ಕಂಬಕ್ಕೆ ನೇತುಹಾಕಿ, ನೀರು ಪೂರ್ತಿ ಮಂಜುಗಡ್ಡೆಯಾಗಲು ಎಷ್ಟು ಹೊತ್ತು ಬೇಕು ಎಂದು ನೋಡುವುದು. ಜೊತೆಗೆ ಆ ಹೊತ್ತಿನ ತಾಪಮಾನ ಮತ್ತು ಗಾಳಿಯ ವೇಗ ಬರೆದಿಟ್ಟುಕೊಳ್ಳುವುದು. ಅಷ್ಟೇ.

ನೀರನ್ನೇ ಏಕೆ ಆರಿಸಿದರು? ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರು ಸೊನ್ನೆ ಡಿಗ್ರಿಯಲ್ಲೇ ಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಪಠ್ಯಪುಸ್ತಕದಲ್ಲಿ ಗುಪ್ತೋಷ್ಣ ಎಂದು ಓದಿದ್ದೇವಲ್ಲ, ಅದೇ. 250 ಗ್ರಾಂಗೆ 20,000 ಕ್ಯಾಲೊರಿ. ಡಬ್ಬಿಯ ಮೈಯಳತೆ ಗೊತ್ತಿದೆ, ಸಮಯ ಗೊತ್ತಿದೆ. ಹಾಗಾದರೆ ಒಂದು ಚದರ ಮೀಟರಿನಿಂದ ಗಂಟೆಗೆ ಎಷ್ಟು ಶಾಖ ಹೋಯಿತು ಎನ್ನುವುದು ಬರೀ ಭಾಗಾಕಾರ. ಕತ್ತಲಲ್ಲಿ, ಬಿರುಗಾಳಿಯಲ್ಲಿ ಆ ಡಬ್ಬಿಯನ್ನು ಮತ್ತೆ ಮತ್ತೆ ನೋಡಿಬರುವುದು ಮಾತ್ರ ಸರಳವಾಗಿರಲಿಲ್ಲ. ಮೈನಸ್ 9ರಿಂದ ಮೈನಸ್ 56 ಡಿಗ್ರಿ ಸೆಲ್ಸಿಯಸ್‌ವರೆಗೆ, ಗಾಳಿಯೇ ಇಲ್ಲದ ಸ್ಥಿತಿಯಿಂದ ಸೆಕೆಂಡಿಗೆ 12 ಮೀಟರ್ ಬೀಸುವವರೆಗೆ ಅಳತೆ ತೆಗೆದರು. ಆ ಲೆಕ್ಕದಿಂದ ಬಂದ ಸೂತ್ರ 1945ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ನಡೆದಿತ್ತು. ಶೀತ ಪ್ರದೇಶಕ್ಕೆ ಹೋಗುವ ಅಮೆರಿಕದ ಸೈನಿಕರಿಗೆ ಎಂಥ ಬಟ್ಟೆ ಬೇಕು ಎಂದು ಹೇಳುವ ಕೆಲಸವನ್ನು ಸೈಪಲ್ ಸೇನೆಯಲ್ಲಿದ್ದುಕೊಂಡು ಮಾಡುತ್ತಿದ್ದರು.

ಗಾಳಿ ಚಳಿಯನ್ನು ಹೆಚ್ಚಿಸುವುದಿಲ್ಲ

ಬಿಸಿ ಕಾಫಿಯನ್ನು ಊದಿ ಆರಿಸುವಾಗ ನಾವು ತಣ್ಣನೆಯ ಗಾಳಿ ಊದುವುದಿಲ್ಲ. ನಮ್ಮ ಉಸಿರು ಕೋಣೆಯ ಗಾಳಿಗಿಂತ ಬೆಚ್ಚಗೇ ಇರುತ್ತದೆ. ಆದರೂ ಕಾಫಿ ಆರುತ್ತದೆ, ಏಕೆಂದರೆ ಲೋಟದ ಮೇಲೆ ಕುಳಿತಿದ್ದ ಬಿಸಿ ಆವಿಯ ಪದರವನ್ನು ಉಸಿರು ತಳ್ಳಿಹಾಕುತ್ತದೆ. ನಮ್ಮ ಚರ್ಮದ ಮೇಲೂ ಮೈಶಾಖದಿಂದ ಬೆಚ್ಚಗಾದ ಗಾಳಿಯ ತೆಳು ಪದರ ಯಾವಾಗಲೂ ಇರುತ್ತದೆ. ಕಣ್ಣಿಗೆ ಕಾಣದ ಹೊದಿಕೆ ಅದು. ಗಾಳಿ ಬೀಸಿದಾಗ ಆ ಹೊದಿಕೆ ಹಾರಿಹೋಗುತ್ತದೆ, ಹೊಸ ತಣ್ಣನೆಯ ಗಾಳಿ ಚರ್ಮಕ್ಕೆ ತಾಗುತ್ತದೆ, ಮೈ ಮತ್ತೆ ಅದನ್ನು ಬೆಚ್ಚಗಾಗಿಸಬೇಕು. ಶಾಖ ಹೋಗುವ ವೇಗ ಹೆಚ್ಚುತ್ತದೆ. ಗಾಳಿಯ ತಾಪಮಾನ ಮಾತ್ರ ಇದ್ದಷ್ಟೇ ಇರುತ್ತದೆ.

ಸೀಲಿಂಗ್ ಫ್ಯಾನ್ ಕೋಣೆಯನ್ನು ತಂಪು ಮಾಡುತ್ತದೆ ಎಂದು ನಂಬಿ ಖಾಲಿ ಕೋಣೆಯಲ್ಲೂ ತಿರುಗಲು ಬಿಡುವವರಿದ್ದಾರೆ. ಫ್ಯಾನ್ ತಂಪು ಮಾಡುವುದು ಕೋಣೆಯಲ್ಲಿರುವ ಮನುಷ್ಯನನ್ನು. ಮನುಷ್ಯನಿಲ್ಲದಿದ್ದರೆ ಅದರ ಮೋಟರ್ ಕೋಣೆಯನ್ನು ಅಷ್ಟಿಷ್ಟು ಬಿಸಿಯೇ ಮಾಡುತ್ತದೆ.

ಇದೇ ವಿಂಡ್ ಚಿಲ್ ಬಗ್ಗೆ ಇರುವ ಅತಿ ದೊಡ್ಡ ತಪ್ಪು ತಿಳಿವಳಿಕೆಗೆ ಉತ್ತರ. ತಾಪಮಾನ 5 ಡಿಗ್ರಿ ಇದೆ, ಗಂಟೆಗೆ 40 ಕಿ.ಮೀ. ವೇಗದ ಗಾಳಿ ಇದೆ ಎಂದುಕೊಳ್ಳಿ. ಈಗಿನ ಸೂತ್ರದ ಪ್ರಕಾರ ವಿಂಡ್ ಚಿಲ್ ಸುಮಾರು ಮೈನಸ್ 1. ಹಾಗೆಂದು ಬಕೆಟ್ಟಿನ ನೀರು ಗಡ್ಡೆಯಾಗುವುದೇ? ಆಗುವುದಿಲ್ಲ. ನೀರು 5 ಡಿಗ್ರಿಗೆ ಬೇಗ ಇಳಿದು ಅಲ್ಲೇ ನಿಲ್ಲುತ್ತದೆ. ನಿಮ್ಮ ಮೂಗಿನ ತುದಿಯೂ ಹೆಪ್ಪುಗಟ್ಟುವುದಿಲ್ಲ. ಗಾಳಿ ಎಷ್ಟೇ ಜೋರಾಗಿ ಬೀಸಿದರೂ ಯಾವ ಒಣ ವಸ್ತುವೂ ಸುತ್ತಲಿನ ಗಾಳಿಗಿಂತ ತಣ್ಣಗಾಗದು. ಮನೆಯ ಹೊರಗಿನ ನೀರಿನ ಕೊಳವೆಗೆ, ಕಾರಿನ ರೇಡಿಯೇಟರಿಗೆ ವಿಂಡ್ ಚಿಲ್ ಅಂಕಿಯನ್ನು ಅನ್ವಯಿಸುವುದರಲ್ಲಿ ಅರ್ಥವಿಲ್ಲ. ಆ ಅಂಕಿ ಒಳಗಿನಿಂದ ಶಾಖ ಹುಟ್ಟಿಸಿಕೊಳ್ಳುತ್ತಿರುವ ಮೈಗೆ, ಅದರಲ್ಲೂ ತೆರೆದ ಮುಖಕ್ಕೆ ಮಾತ್ರ.

ಸೂತ್ರದಲ್ಲೇ ದೋಷವಿತ್ತು

ಸೈಪಲ್ ಮತ್ತು ಪ್ಯಾಸೆಲ್ ಅವರ ಸೂತ್ರ ಕೊಡುತ್ತಿದ್ದದ್ದು ಡಿಗ್ರಿಯನ್ನಲ್ಲ, ಒಂದು ಚದರ ಮೀಟರಿಗೆ ಗಂಟೆಗೆ ಇಷ್ಟು ಕಿಲೊಕ್ಯಾಲೊರಿ ಎಂಬ ಶಾಖನಷ್ಟವನ್ನು. ಉದಾಹರಣೆಗೆ ಆ ಅಂಕಿ 1,400 ದಾಟಿದರೆ ತೆರೆದ ಚರ್ಮ ಹೆಪ್ಪುಗಟ್ಟುವ ಭಯ ಎಂದು ಅವರು ಗುರುತಿಸಿದ್ದರು. ಸೈನ್ಯಕ್ಕೆ ಇದು ಸಾಕಿತ್ತು. ಆದರೆ ರೇಡಿಯೊದಲ್ಲಿ “ಇಂದು 1,332” ಎಂದರೆ ಯಾರಿಗೆ ಏನು ತಿಳಿಯುತ್ತದೆ? ಹಾಗಾಗಿ ಮುಂದಿನವರು ಅದನ್ನು “ಗಾಳಿಯಿಲ್ಲದ ದಿನದ ಇಂತಿಷ್ಟು ಡಿಗ್ರಿಗೆ ಸಮ” ಎಂದು ಪರಿವರ್ತಿಸಿದರು. ಜನರಿಗೆ ಅನುಕೂಲವಾಯಿತು. ಗೊಂದಲದ ಮೂಲವೂ ಇದೇ ಎನ್ನಬಹುದು. ವೇಗವನ್ನು ಹೇಳಬೇಕಾದ ಅಂಕಿ ತಾಪಮಾನದ ವೇಷ ಹಾಕಿಕೊಂಡಿತು.

ಇನ್ನೂ ದೊಡ್ಡ ತೊಂದರೆ ಬೇರೆಡೆ ಇತ್ತು. ಚರ್ಮದ ತಾಪಮಾನ ಸದಾ 33 ಡಿಗ್ರಿ ಎಂದು ಹಳೆಯ ಸೂತ್ರ ಹಿಡಿಯುತ್ತದೆ. ನಿಜವಾದ ಚರ್ಮ ಹಾಗಿರುವುದಿಲ್ಲ. ಚಳಿಗೆ ಒಡ್ಡಿದೊಡನೆ ರಕ್ತನಾಳಗಳು ಕುಗ್ಗಿ ಚರ್ಮ ತಣ್ಣಗಾಗುತ್ತದೆ, ಶಾಖ ಹೋಗುವುದೂ ನಿಧಾನವಾಗುತ್ತದೆ. ಡಬ್ಬಿಯ ಪ್ಲಾಸ್ಟಿಕ್ ಕೂಡ ಶಾಖಕ್ಕೆ ತಡೆಯೊಡ್ಡುತ್ತದೆ ಎನ್ನುವುದು ಲೆಕ್ಕಕ್ಕೆ ಬಂದಿರಲಿಲ್ಲ. ವಿಚಿತ್ರವೆಂದರೆ, ಗಾಳಿಯ ವೇಗ ಗಂಟೆಗೆ 90 ಕಿ.ಮೀ. ದಾಟಿದರೆ ಚಳಿ ಕಡಿಮೆಯಾಗುತ್ತದೆ ಎಂದು ಆ ಸೂತ್ರ ಹೇಳುತ್ತದೆ! ಅಳತೆ ತೆಗೆದ ವ್ಯಾಪ್ತಿಯ ಹೊರಗೆ ಸೂತ್ರವನ್ನು ಎಳೆದರೆ ಹೀಗಾಗುತ್ತದೆ. ಇದಕ್ಕೆ ಸೈಪಲ್ ಅವರನ್ನು ದೂರುವುದು ಸರಿಯಲ್ಲ, ಅವರು ಅಳೆದದ್ದು ಸೆಕೆಂಡಿಗೆ 12 ಮೀಟರ್‌ವರೆಗಿನ ಗಾಳಿಯನ್ನು ಮಾತ್ರ.

2001ರಲ್ಲಿ ಕೆನಡಾ ಮತ್ತು ಅಮೆರಿಕದ ತಜ್ಞರು ಹೊಸ ಸೂತ್ರ ತಂದರು. ಟೊರಾಂಟೊದ ಶೀತಲ ಗಾಳಿ ಸುರಂಗದಲ್ಲಿ ಆರು ಗಂಡಸರು, ಆರು ಹೆಂಗಸರು ಮುಖಕ್ಕೆ ಸಂವೇದಕ ಅಂಟಿಸಿಕೊಂಡು ಟ್ರೆಡ್‌ಮಿಲ್ ಮೇಲೆ ನಡೆದರು. ನೀರಿನ ಡಬ್ಬಿಯ ಜಾಗಕ್ಕೆ ಮನುಷ್ಯರ ಕೆನ್ನೆ ಬಂತು. ಗಾಳಿಯ ವೇಗವನ್ನೂ ಕಂಬದ ತುದಿಯಲ್ಲಿ ಅಳೆದಂತೆ ತೆಗೆದುಕೊಳ್ಳದೆ ಮುಖದ ಎತ್ತರಕ್ಕೆ ಇಳಿಸಿ ಲೆಕ್ಕ ಹಾಕಿದರು. ವ್ಯತ್ಯಾಸ ಎಷ್ಟೆಂದರೆ, ಮೈನಸ್ 10 ಡಿಗ್ರಿ, ಗಂಟೆಗೆ 30 ಕಿ.ಮೀ. ಗಾಳಿಗೆ ಹಳೆಯ ಸೂತ್ರ ಸುಮಾರು ಮೈನಸ್ 27 ಎನ್ನುತ್ತಿತ್ತು, ಹೊಸದು ಮೈನಸ್ 20 ಎನ್ನುತ್ತದೆ. ಹಳೆಯ ಪುಸ್ತಕ, ಹಳೆಯ ಸುದ್ದಿಗಳಲ್ಲಿ ಮೈ ಜುಮ್ಮೆನಿಸುವ ವಿಂಡ್ ಚಿಲ್ ಅಂಕಿ ಕಂಡರೆ ಇದನ್ನು ನೆನಪಿಡಿ.

ಹಾಗಾದರೆ ಬೆಂಗಳೂರಿನ ಫೋನಿನಲ್ಲಿ ಕಾಣುವ ‘ಫೀಲ್ಸ್ ಲೈಕ್’? ವಿಂಡ್ ಚಿಲ್ ಸೂತ್ರ ಸುಮಾರು 10 ಡಿಗ್ರಿಗಿಂತ ಮೇಲೆ ಅನ್ವಯವಾಗುವುದೇ ಇಲ್ಲ. ಮಂಗಳೂರಿನಲ್ಲಿ 33 ಡಿಗ್ರಿ ಇದ್ದಾಗ ಆ್ಯಪ್ 40 ಎಂದರೆ ಅದು ಗಾಳಿಯ ಲೆಕ್ಕವಲ್ಲ, ತೇವಾಂಶದ ಲೆಕ್ಕ. ಅಲ್ಲಿ ತೊಂದರೆ ಶಾಖ ಹೋಗುವುದರದ್ದಲ್ಲ, ಬೆವರು ಆರದೆ ಶಾಖ ಉಳಿಯುವುದರದ್ದು.

ಅಂಕಿ ಕೆಲಸಕ್ಕೆ ಬರುವುದು ಇಲ್ಲಿ

ಹಿಮಕಡಿತ ಎಂದರೆ ಚರ್ಮ ಮತ್ತು ಅದರ ಕೆಳಗಿನ ಭಾಗ ನಿಜವಾಗಿಯೂ ಹೆಪ್ಪುಗಟ್ಟುವುದು. ಕೋಶಗಳ ನಡುವೆ ಮಂಜಿನ ಹರಳು ಬೆಳೆಯುತ್ತದೆ, ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಏನೂ ಇಲ್ಲ. ಈ ಏನೂ ಇಲ್ಲದ ಹಂತವೇ ಅಪಾಯ, ನೋವು ನಿಂತಿತು ಎಂದು ಮನುಷ್ಯ ಸಮಾಧಾನಪಟ್ಟುಕೊಳ್ಳುತ್ತಾನೆ. ಶ್ಯಾಕಲ್ಟನ್‌ನ 1914ರ ಹಡಗಿನಲ್ಲಿ ಕದ್ದು ಅಡಗಿ ಹೋಗಿದ್ದ ಪರ್ಸ್ ಬ್ಲ್ಯಾಕ್‌ಬರೊ ಎಂಬ ಹುಡುಗನ ಎಡಗಾಲಿನ ಬೆರಳುಗಳನ್ನು ಎಲಿಫೆಂಟ್ ದ್ವೀಪದಲ್ಲಿ, ಮಗುಚಿಟ್ಟ ದೋಣಿಯ ಕೆಳಗೆ ಕತ್ತರಿಸಬೇಕಾಯಿತು.

ಕೆನಡಾದ ಹವಾಮಾನ ಇಲಾಖೆಯ ಎಚ್ಚರಿಕೆ ಹೀಗಿದೆ: ವಿಂಡ್ ಚಿಲ್ ಮೈನಸ್ 28ರಿಂದ 39 ಇದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ಮೈನಸ್ 40ರಿಂದ 47ಕ್ಕೆ 5ರಿಂದ 10 ನಿಮಿಷ. ಅಂದರೆ ಈ ಅಂಕಿಯನ್ನು ಡಿಗ್ರಿ ಎಂದು ಓದುವುದಕ್ಕಿಂತ ಗಡಿಯಾರ ಎಂದು ಓದುವುದು ಮೇಲು. ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೋಗುವ ನಮ್ಮವರಿಗೆ ಇನ್ನೊಂದು ಮಾತು. ಸೂತ್ರ ಒಣ ಮುಖಕ್ಕೆ ಮಾಡಿದ್ದು. ಹತ್ತುವಾಗ ಬೆವರಿ ಒದ್ದೆಯಾದ ಹತ್ತಿ ಬನಿಯನ್ ಮೇಲೆ ಶಿಖರದ ಗಾಳಿ ತಾಗಿದರೆ ಪರಿಸ್ಥಿತಿ ಅಂಕಿ ಹೇಳುವುದಕ್ಕಿಂತ ಕೆಟ್ಟದಾಗಿರುತ್ತದೆ.

ಹೆಪ್ಪುಗಟ್ಟಿದ ಬೆರಳನ್ನು ಹಿಮದಿಂದ ಉಜ್ಜಬೇಕು ಎಂಬ ಹಳೆಯ ನಂಬಿಕೆ ಇನ್ನೂ ಉಳಿದಿದೆ. ಉಜ್ಜಿದರೆ ಒಳಗಿನ ಗಾಯ ಹೆಚ್ಚುತ್ತದೆ. ಬೆಂಕಿಗೆ ಹಿಡಿಯುವುದೂ ತಪ್ಪು, ಜೋಮು ಹಿಡಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇಲ್ಲದ ಜಾಗಕ್ಕೆ ಬಂದ ಮೇಲೆ 37ರಿಂದ 39 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅದ್ದಿ, ವೈದ್ಯರ ಹತ್ತಿರ ಹೋಗಬೇಕು. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎನ್ನುವುದೂ ಅರ್ಧ ಸತ್ಯ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆನಿಸುವುದು ನಿಜ, ಅದೇ ದಾರಿಯಲ್ಲಿ ಒಳಗಿನ ಶಾಖ ಹೊರಗೆ ಹೋಗುವುದೂ ನಿಜ.

ಧ್ರುವದಲ್ಲೇ ಒಂದು ವರ್ಷ

1956ರ ಕೊನೆಗೆ ದಕ್ಷಿಣ ಧ್ರುವದ ಬಿಂದುವಿನಲ್ಲೇ ಅಮೆರಿಕದ ನೆಲೆ ಎದ್ದಿತು. ಮೊದಲ ವೈಜ್ಞಾನಿಕ ಮುಖ್ಯಸ್ಥರಾಗಿ ಹೋದವರು ಸೈಪಲ್, ಆಗ ಅವರಿಗೆ 48. ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದ ಆ ಹಿಮದ ಬಯಲಿನಲ್ಲಿ ಅದಕ್ಕೆ ಮೊದಲು ಯಾರೂ ಚಳಿಗಾಲ ಕಳೆದಿರಲಿಲ್ಲ. ಉಸಿರಾಡಬಹುದೇ, ಯಂತ್ರಗಳು ನಡೆಯುತ್ತವೆಯೇ, ಆರು ತಿಂಗಳ ಕತ್ತಲಲ್ಲಿ ಮನಸ್ಸು ನೆಟ್ಟಗಿರುತ್ತದೆಯೇ ಎಂಬ ಪ್ರಶ್ನೆಗಳಿಗೆ ಹೋಗಿ ನೋಡುವುದೊಂದೇ ಉತ್ತರ. ಉಳಿದವರು 18 ಮಂದಿ. ಅರ್ಧ ನೌಕಾಪಡೆಯವರು, ಅರ್ಧ ವಿಜ್ಞಾನಿಗಳು. ಜೊತೆಗೆ ಬ್ರಾವೊ ಎಂಬ ನಾಯಿ. ಕುಡಿಯುವ ನೀರಿಗೆ ಹಿಮದಲ್ಲಿ ಸುರಂಗ ತೋಡಿ, ತೋಡಿದ ಹಿಮವನ್ನು ಕರಗಿಸಿಕೊಳ್ಳುತ್ತಿದ್ದರು. ಅದೇ ಸುರಂಗ ಹಿಮದ ಆಳವನ್ನು ಅಧ್ಯಯನ ಮಾಡುವ ಪ್ರಯೋಗಾಲಯವೂ ಆಯಿತು. 1957ರ ಸೆಪ್ಟೆಂಬರ್ 18ರಂದು ಥರ್ಮಾಮೀಟರ್ ಮೈನಸ್ 74.5 ಡಿಗ್ರಿಗೆ ಇಳಿಯಿತು. ಅಷ್ಟು ಚಳಿಯನ್ನು ಭೂಮಿಯ ಮೇಲೆ ಅದುವರೆಗೆ ಯಾರೂ ದಾಖಲಿಸಿರಲಿಲ್ಲ. ಹದಿನೆಂಟೂ ಮಂದಿ ಜೀವಂತ ಮರಳಿದರು.

ಸೈಪಲ್ 1968ರ ನವೆಂಬರ್ 25ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿರುವ ಸೇನಾ ಸಂಶೋಧನಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಲು ಒಂದು ತಿಂಗಳೂ ಉಳಿದಿರಲಿಲ್ಲ. ಅಂಟಾರ್ಕ್ಟಿಕಾದ ನಕ್ಷೆಯಲ್ಲಿ ಅವರ ಹೆಸರಿನ ಒಂದು ದ್ವೀಪ, ಅದರ ಮೇಲೆ ಒಂದು ಜ್ವಾಲಾಮುಖಿ ಪರ್ವತ, ರಾಸ್ ಹಿಮಹಾಸಿನ ಪಕ್ಕ ಒಂದು ಕರಾವಳಿ ಇವೆ. ಧ್ರುವದ ನೆಲೆಯನ್ನು ಅಲ್ಲಿಂದ ಈಚೆಗೆ ಎರಡು ಬಾರಿ ಹೊಸದಾಗಿ ಕಟ್ಟಿದ್ದಾರೆ. ಅಲ್ಲಿ ಇಂದಿಗೂ ಪ್ರತಿ ಚಳಿಗಾಲ ಕೆಲವು ಡಜನ್ ಜನ ಉಳಿಯುತ್ತಾರೆ, ಹೊರಗೆ ಕಾಲಿಡುವ ಮೊದಲು ತಾಪಮಾನದ ಜೊತೆ ವಿಂಡ್ ಚಿಲ್ ಅಂಕಿಯನ್ನೂ ನೋಡಿಕೊಳ್ಳುತ್ತಾರೆ.